ತಗಡಿನ ತರಿಂಗ್ಜೆಲ್

"ಭಾನುವಾರ ಹನ್ನೊಂದು ಗಂಟೆಗೆ ಆಣೆ," ಎಂದು ಮುದುಕ ಬಿಮುರ್ಜಾ ಟೋಪಿ ತೆಗೆದು ಕಬ್ಬಿಣದ ಒಲೆಯ ಮೇಲಿಟ್ಟ. "ನಿನ್ನ ತಮ್ಮ ಜೋಕಿಯಾ, ಅವನ ಹಿಂದೆ ನಿಮ್ಮ ಮನೆತನದ ಹನ್ನೊಂದು ಜನ. ಆ ಕಡೆ ದಾರಿಕೊ, ಅವಳ ಇಬ್ಬರು ಗಂಡುಮಕ್ಕಳು. ಬಂದೂಕು ಬಾಗಿಲಲ್ಲೇ ಇಸ್ಕೊಂಡು ಬೀಗ ಹಾಕಿಡು. ಆಮೇಲೆ ತರಿಂಗ್ಜೆಲ್‌ನ ಗಾಜಿನಿಂದ ಹೊರಗೆ ತೆಗಿ. ಮೇಲೆ ಕೈಯಿಟ್ಟು 'ಇವನೇ' ಅನ್ನು. ಅಷ್ಟೇ ನಿನ್ನ ಕೆಲಸ."

"ಟೋಪಿ ಸುಡುತ್ತೆ, ದೊಡ್ಡಪ್ಪಾ," ಎಂದಳು ಅಸ್ಮತ್.

ಮುದುಕ ಟೋಪಿ ಎತ್ತಿಕೊಂಡು ಧೂಳು ಕೊಡವಿದ. ಎರಡು ಮನೆಗಳ ನಡುವೆ ಎಂಟು ವಾರ ಓಡಾಡಿ, ಎರಡೂ ಕಡೆ ಬೈಸಿಕೊಂಡು, ಕೊನೆಗೂ ಎಲ್ಲರನ್ನೂ ಒಂದು ಮಾತಿಗೆ ತಂದಿದ್ದ. ಅವನ ಮುಖದಲ್ಲಿ ಸುಸ್ತಿತ್ತು, ಹೆಮ್ಮೆಯೂ ಇತ್ತು. "ನಿನ್ನ ತಮ್ಮ ಬದುಕ್ಕೊಂಡ ಅಂತ ತಿಳ್ಕೊ," ಎಂದು ಹೇಳಿ ಹೊರಟುಹೋದ.

ಅವನು ಹೋದ ಮೇಲೆ ಅಸ್ಮತ್ ಒಳಕೋಣೆಗೆ ಬಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. ಅವಳು ಕಾಯುವ ಲಾಮ್ಜೂರಿ ಊರಿನ ವಸ್ತುಸಂಗ್ರಹಾಲಯ ಎಂದರೆ ಇರುವುದೇ ಎರಡು ಕೋಣೆ. ಮುಂದಿನದರಲ್ಲಿ ಹಳೆಯ ನೇಗಿಲು, ತೊಟ್ಟಿಲು, ಹಿಮದ ಮೇಲೆ ಎಳೆಯುವ ಬಂಡಿ, ಒಂದು ಕಣ್ಣು ಕಳೆದುಕೊಂಡ ಕಾಡುಮೇಕೆಯ ತಲೆ. ಒಳಗಿನದರಲ್ಲಿ ಬಂದೂಕುಗಳ ಕಪಾಟು, ಗೋಡೆಗೆ ಒತ್ತಿದಂತೆ ಗಾಜಿನೊಳಗೆ ನಮ್ಮ ತರಿಂಗ್ಜೆಲ್: ರೆಕ್ಕೆ ಹರಡಿ, ಈಟಿ ಹಿಡಿದು ನಿಂತ ದೇವದೂತ, ಹಲಗೆಗೆ ಹೊದಿಸಿದ ಬೆಳ್ಳಿಯ ಪಟ. ಸರ್ಕಾರದವರು ನಮ್ಮ ಅಜ್ಜಂದಿರ ಕಾಲದಲ್ಲೇ ಚರ್ಚಿನಿಂದ ತಂದು ಇಲ್ಲಿ ಕೂರಿಸಿ, ಚೀಟಿ ಅಂಟಿಸಿ, ಇದಿನ್ನು ಬರೀ ವಸ್ತು ಎಂದುಬಿಟ್ಟರು. ಊರಿನವರು ಕೇಳಬೇಕಲ್ಲ! ಹೆಂಗಸರು ಟಿಕೆಟ್ ತೆಗೆದುಕೊಂಡು ಬಂದು ಗಾಜಿಗೆ ಮುತ್ತಿಡುತ್ತಾರೆ. ಅಸ್ಮತ್ ದಿನಾ ಬೆಳಿಗ್ಗೆ ತುಟಿಯ ಗುರುತು ಒರೆಸುತ್ತಾಳೆ. ಗಡಿಕಲ್ಲಿನ ಜಗಳವಿರಲಿ, ಕಳವಿರಲಿ, ಕೊಲೆಯಿರಲಿ, ಕಡೆಗೆ ಬರುವುದು ಇವನ ಮುಂದೆ ಆಣೆಗೇ. ಬೀಗದ ಕೈ ಯಾರ ಬಳಿಯಿದೆಯೋ ಅವರು ಮೊದಲು ಪಟದ ಮೇಲೆ ಕೈಯಿಟ್ಟು "ಇವನೇ" ಎನ್ನಬೇಕು. ಆ ಮಾತಾದರೆ ಮಾತ್ರ ಆಣೆ ಕಟ್ಟುತ್ತದೆ. ಸುಳ್ಳಾಣೆ ಮಾಡಿದವನ ಮನೆಯಲ್ಲಿ ದೀಪ ಹಚ್ಚುವವರು ಉಳಿಯುವುದಿಲ್ಲ ಎಂದು ನಮ್ಮಲ್ಲಿ ಓದಿದವರೂ ನಂಬುತ್ತಾರೆ.

ಆದರೆ ಗಾಜಿನೊಳಗಿದ್ದವನು ಆ ತರಿಂಗ್ಜೆಲ್ ಅಲ್ಲ. ಇವನು ತಗಡು.

ಆ ಗುಟ್ಟು ಇಪ್ಪತ್ತೈದು ವರ್ಷದ್ದು. ದೇಶ ಒಡೆದು, ಸಂಬಳ ನಿಂತು, ಬಂದೂಕು ಹಿಡಿದ ಲೂಟಿಕೋರರು ಕಣಿವೆಯ ಮೇಲಕ್ಕೆ ಬರುತ್ತಿದ್ದಾರೆ ಎಂಬ ಸುದ್ದಿ ಹಬ್ಬಿದ ಚಳಿಗಾಲ. ಆಗಿನ ಮೇಲ್ವಿಚಾರಕ ಸಿಲೋವಾನ್ ಗುಟ್ಟಾಗಿ ಒಂದು ನಕಲು ತಟ್ಟಿಸಿದ. ಪೈನ್ ಹಲಗೆಗೆ ತಗಡು, ಮೇಲೆ ಬೆಳ್ಳಿಯ ನೀರು. ನಿಜವಾದವನನ್ನು ಹುಲ್ಲಿನ ಬಂಡಿಯಲ್ಲಿ ಮುಚ್ಚಿಕೊಂಡು ಅಸ್ಮತ್ ಮತ್ತು ಆಗ ಹತ್ತೊಂಬತ್ತರ ಹುಡುಗನಾಗಿದ್ದ ಜೋಕಿಯಾ ತಮ್ಮ ಮನೆಯ ಕಲ್ಲುಗೋಪುರಕ್ಕೆ ಸಾಗಿಸಿ, ಗೋಡೆಯಲ್ಲಿ ಇಟ್ಟು ಕಲ್ಲು ಮುಚ್ಚಿದರು. ಲೂಟಿಕೋರರು ಬರಲೇ ಇಲ್ಲ. ಪಾಪ, ಸಿಲೋವಾನ್ ಮೂರನೇ ವರ್ಷಕ್ಕೆ ಸತ್ತ, ಬೀಗದ ಕೈ ಅಸ್ಮತ್‌ಳ ಪಾಲಿಗೆ ಬಂತು. ವಾಪಸ್ಸು ಇಡೋಣ, ಇಡೋಣ ಎನ್ನುವಷ್ಟರಲ್ಲಿ ರಾಜಧಾನಿಯಿಂದ ಪಟ್ಟಿ ಮಾಡುವವರು ಬಂದರು. ಹಸಿದಿದ್ದರು, ಕತ್ತಲಾಗುವ ಮೊದಲು ಕಣಿವೆ ಇಳಿಯಬೇಕಿತ್ತು. ಗಾಜಿನ ಹೊರಗಿನಿಂದಲೇ ಫೋಟೋ ತೆಗೆದು, "ಬೆಳ್ಳಿ, ಬಹು ಪುರಾತನ" ಎಂದು ಬರೆದು ಮೊಹರು ಒತ್ತಿಬಿಟ್ಟರು. ಇನ್ನು ನಿಜ ಹೇಳಿದರೆ ಸರ್ಕಾರದ ಸೊತ್ತು ಬಚ್ಚಿಟ್ಟವಳೆಂದು ಜೈಲಿಗೆ ಹಾಕುತ್ತಿದ್ದರು. ಅಸ್ಮತ್ ಬಾಯಿ ಹೊಲಿದುಕೊಂಡಳು. ಆಮೇಲೆ ಆಣೆಗೆಂದು ಯಾರೇ ಬರಲಿ, ಬೀಗ ತುಕ್ಕು ಹಿಡಿದಿದೆ, ಅಪ್ಪಣೆ ಬಂದಿಲ್ಲ ಎಂದು ಏನೋ ಒಂದು ಹೇಳಿ ಸಾಗಹಾಕುತ್ತಿದ್ದಳು. ಈ ಸಲ ಬಿಮುರ್ಜಾ ಜಿಲ್ಲೆಯವರೆಗೂ ಹೋಗಿ ಅಪ್ಪಣೆಯ ಕಾಗದವನ್ನೇ ತಂದಿದ್ದ.

* * *

ಜೋಕಿಯಾ ಮಧ್ಯಾಹ್ನ ಊಟದ ಹೊತ್ತಿಗೆ ಬಂದ. ಮಾಂಸ ತುಂಬಿದ ರೊಟ್ಟಿಯನ್ನು ಮುರಿದು ಬಾಯಿಗೆ ತುಂಬಿಕೊಳ್ಳುತ್ತಿದ್ದ. ವರ್ಷದಿಂದ ಅವನು ಹೀಗೆ ಹೊಟ್ಟೆ ತುಂಬ ತಿಂದದ್ದನ್ನು ಅಸ್ಮತ್ ಕಂಡಿರಲಿಲ್ಲ.

"ಭಾನುವಾರ ಮುಗಿದ್ರೆ ಸಾಕು ಅಕ್ಕಾ. ಸೋಮವಾರವೇ ಮೇಲಿನ ಹುಲ್ಲು ಕೊಯ್ಯಕ್ಕೆ ಹೋಗ್ತೀನಿ. ಬೆನ್ನ ಹಿಂದೆ ಯಾರಿದ್ದಾರೆ ಅಂತ ನೋಡ್ಕೊಂಡು ನಡೆದು ನಡೆದು ಕತ್ತೇ ಹಿಡ್ಕೊಂಡಿದೆ."

"ಆಣೆಗೆ ಒಪ್ಕೋತೀನಿ ಅಂತ ಮೊದಲು ಹೇಳಿದ್ದು ನೀನೇ ಅಂತೆ?"

"ಹೂಂ, ನಾನೇ." ಅವನು ಬೆರಳು ನೆಕ್ಕಿ ಒಳಕೋಣೆಯ ಕಡೆ ಗಲ್ಲ ತೋರಿಸಿ ನಕ್ಕ. "ಆ ತಗಡಿನ ಮೇಲೆ ತಾನೇ? ಬೇಕಾದ್ರೆ ದಿನಾ ಮಾಡ್ತೀನಿ."

ಸುಳ್ಳಾಣೆಗೇ ಸಿದ್ಧನಾಗಿದ್ದಾನೆಯೇ ಎಂದು ಅಸ್ಮತ್ ಅವನನ್ನೇ ನೋಡಿದಳು. ಅಷ್ಟು ಹೊತ್ತೂ ಅವಳ ಚಿಂತೆಯೆಲ್ಲಾ ತಗಡಿನ ಮೇಲೆ ತಾನು "ಇವನೇ" ಎನ್ನುವುದು ಹೇಗೆ ಎಂಬುದಷ್ಟೇ ಆಗಿತ್ತು.

ಹೋದ ಅಕ್ಟೋಬರ್‌ನಲ್ಲಿ ಜೋಕಿಯಾ ಮತ್ತು ದಾರಿಕೊಳ ಕಿರಿಯ ಮಗ ಗೇಗಿ ಇಬ್ಬರೂ ಕಾಡುಮೇಕೆಯ ಬೇಟೆಗೆ ಹಿಮನದಿಯ ಮೇಲೆ ಹೋಗಿದ್ದರು. ಇಳಿದು ಬಂದವನು ಜೋಕಿಯಾ ಒಬ್ಬನೇ. ಹಿಮದ ಬಿರುಕಿನಲ್ಲಿ ಗೇಗಿ ಬಿದ್ದ, ಎಷ್ಟು ಕೂಗಿದರೂ ಉತ್ತರವಿಲ್ಲ, ಸತ್ತ ಎಂದ. ಅವತ್ತೇ ಸುರಿಯತೊಡಗಿದ ಹಿಮ ನಾಲ್ಕು ದಿನ ಬಿಡಲಿಲ್ಲ. ಯಾರೂ ಮೇಲೆ ಹತ್ತಲಿಲ್ಲ. ಜುಲೈನಲ್ಲಿ ಹಿಮ ಕರಗಿ ಹೆಣ ಸಿಕ್ಕಿತು. ಮುರಿದ ಕಾಲಿಗೆ ಹುಡುಗ ತನ್ನ ಬೆಲ್ಟನ್ನೇ ಬಿಗಿದು ಕಟ್ಟಿಕೊಂಡಿದ್ದ. ಜೇಬಿನ ರೊಟ್ಟಿ, ಗಿಣ್ಣು ಎಲ್ಲಾ ಖಾಲಿ. ಎರಡು ಮೂರು ದಿನವಾದರೂ ಬದುಕಿದ್ದಾನೆ ಎಂದರು ವೈದ್ಯರು. ಎಚ್ಚರ ತಪ್ಪಿ ಬಿದ್ದಿದ್ದವನು ಆಮೇಲೆ ಎದ್ದಿರಬೇಕು, ನಾನು ಕೂಗುವಾಗ ದನಿಯೇ ಇರಲಿಲ್ಲ ಎಂದು ಜೋಕಿಯಾ. ಸುಳ್ಳು, ಜೀವಂತ ಬಿಟ್ಟು ಬಂದಿದ್ದೀಯ ಎಂದು ಗೇಗಿಯ ಅಣ್ಣ ಮೆರಾಬ್. ಅವನು ಬಂದೂಕಿಗೆ ಎಣ್ಣೆ ಹಾಕಿ ಎಂಟು ವಾರವಾಗಿತ್ತು. ಆಣೆ ಕಟ್ಟಿದರೆ ಆ ಬಂದೂಕು ಮತ್ತೆ ಗೋಡೆಯ ಮೊಳೆಗೆ ಹೋಗುತ್ತದೆ. ಕಟ್ಟದಿದ್ದರೆ ಜೋಕಿಯಾ ಮಣ್ಣಿಗೆ ಹೋಗುತ್ತಾನೆ.

"ಜೋಕಿಯಾ, ನನ್ನ ಮುಖ ನೋಡಿ ಹೇಳು. ಆ ಹುಡುಗ ಕೂಗಿದ್ನಾ?"

ತಮ್ಮ ರೊಟ್ಟಿ ಕೆಳಗಿಟ್ಟ. "ನಿನಗೆ ತಮ್ಮ ಬೇಕೋ ಬೇಡವೋ?"

"ಕೇಳಿದ್ದಕ್ಕೆ ಉತ್ತರ ಕೊಡು."

"ಒಂದು ಮಾತು ಅಕ್ಕಾ. 'ಇವನೇ.' ಮೂರಕ್ಷರ. ಅಷ್ಟು ಹೇಳಕ್ಕೆ ನಿನಗೇನು ಬಂತು ರೋಗ? ನನಗೆ ಎರಡು ಹೆಣ್ಣುಮಕ್ಕಳಿದ್ದಾರೆ." ದಡಕ್ಕನೆ ಎದ್ದು ಬಾಗಿಲು ಬಡಿದುಕೊಂಡು ಹೋದ. ಅರ್ಧ ರೊಟ್ಟಿ ಅಲ್ಲೇ ಉಳಿದಿತ್ತು.

ಉತ್ತರ ಸಿಕ್ಕಂತಾಗಿತ್ತು. ಬೆನ್ನ ಮೇಲೆ ಹೊತ್ತು ಬೆಳೆಸಿದ ತಮ್ಮ, ಅವನನ್ನು ದ್ವೇಷಿಸಲು ಅವಳಿಂದಾಗಲಿಲ್ಲ. ಅವನನ್ನು ಹಿಡಿದು ನಾಲ್ಕು ಬಾರಿಸಬೇಕು ಅನ್ನಿಸಿತು, ಅಷ್ಟೇ. ಆಮೇಲೆ ಕೂತು ಅತ್ತಳು.

* * *

ಶುಕ್ರವಾರ ದಾರಿಕೊ ಬಂದಳು. ಹೊಸಿಲಲ್ಲಿ ನಿಂತು ಕಪ್ಪು ತಲೆವಸ್ತ್ರ ಬಿಗಿಮಾಡಿಕೊಂಡು, "ಬರಬಹುದೇನೇ? ಭಾನುವಾರದ ಮೊದಲು ನಾವಿಬ್ಬರೂ ಮಾತಾಡಬಾರದಂತೆ," ಎಂದಳು.

"ಬಾ. ಯಾರಿಗೆ ಕಾಣ್ಬೇಕು."

ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ದಾರಿಕೊ ನೇರ ಒಳಕೋಣೆಗೆ ಹೋಗಿ ಗಾಜಿಗೆ ಹಣೆಯಿಟ್ಟಳು. ಅಸ್ಮತ್‌ಗೆ ನೆಲದತ್ತ ನೋಡಲಾಗಲಿಲ್ಲ. ಹೋದ ಅಕ್ಟೋಬರ್‌ನಲ್ಲಿ, ಹಿಮ ಸುರಿಯುತ್ತಿದ್ದ ಆ ದಿನಗಳಲ್ಲಿ, ಊರೆಲ್ಲಾ ಗೇಗಿ ಸತ್ತ ಎಂದು ಅಳುತ್ತಿದ್ದಾಗ ಇವಳು ಮಾತ್ರ ನಂಬಲಿಲ್ಲ. ನನ್ನ ಮಗನ ಹೆಣ ನಾನು ನೋಡಿಲ್ಲ, ಅವನು ಬದುಕಿದ್ದಾನೆ ಎಂದು ಇದೇ ಜಾಗದಲ್ಲಿ ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಮೊಣಕಾಲೂರಿ ಕೂತಿದ್ದಳು. ನೆಲ ತಣ್ಣಗಿದೆಯೆಂದು ಅಸ್ಮತ್ ಒಂದು ಕುರಿಚರ್ಮ ತಂದು ಹಾಸಿದ್ದಳು, ಗಂಟೆಗೊಮ್ಮೆ ಬಿಸಿ ಚಹಾ ಕೊಟ್ಟಿದ್ದಳು.

"ನನಗೆ ರಕ್ತ ಬೇಡ ಅಸ್ಮತ್," ದಾರಿಕೊ ಗಾಜಿನ ಕಡೆ ತಿರುಗಿಕೊಂಡೇ ಹೇಳಿದಳು. "ಮೆರಾಬ್ ಜೋಕಿಯಾನ್ನ ಹೊಡೀತಾನೆ, ನಿಮ್ಮವರು ಮೆರಾಬ್‌ನ ಹೊಡೀತಾರೆ. ನನಗಿನ್ನು ಉಳಿದಿರೋದು ಎರಡೇ. ಅದಲ್ಲ ನಾನು ಕೇಳೋದು."

"ಮತ್ತೆ?"

"ಅವನು ಕೂಗಿದ್ನಾ ಅಂತ. ಕೂಗಿದ್ದು ಯಾರಿಗೂ ಕೇಳಲಿಲ್ವಾ, ಕೇಳಿಯೂ ಬಿಟ್ಟು ಬಂದ್ರಾ. ದಿನಾ ಅದೇ ತಲೇಲಿ ಕೊರೀತದೆ. ನಿನ್ನ ತಮ್ಮ ಇವನ ಮೇಲೆ ಕೈಯಿಟ್ಟು 'ಇಲ್ಲ' ಅಂದ್ರೆ ಮುಗೀತು. ಕಣ್ಣು ಮುಚ್ಚಿ ನಂಬ್ತೀನಿ. ನಿದ್ದೆ ಮಾಡ್ತೀನಿ." ತಿರುಗಿ ಅಸ್ಮತ್‌ಳ ಕೈ ಹಿಡಿದಳು. "ನಿನ್ನ ಕೈಯಲ್ಲಿ ಇವನಿದ್ದಾನಲ್ಲ, ಅದೊಂದು ಧೈರ್ಯ ಕಣೇ."

ಅಯ್ಯೋ, ಆ ಕೈಯನ್ನು ಬಿಡಿಸಿಕೊಳ್ಳುವುದು ಹೇಗೆ! ಅಸ್ಮತ್ ಸುಮ್ಮನೆ ತಲೆಯಾಡಿಸಿದಳು. ತಗಡಿನ ಮೇಲೊಂದು ಸುಳ್ಳು ಬಿದ್ದರೆ ತಮ್ಮ ಉಳಿಯುತ್ತಾನೆ, ಮೆರಾಬ್ ಉಳಿಯುತ್ತಾನೆ, ಈ ತಾಯಿಗೆ ನಿದ್ದೆ ಬರುತ್ತದೆ. ಇಡೀ ಊರಿಗೆ ಒಳ್ಳೆಯದೇ. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ, ಇಪ್ಪತ್ತೈದು ವರ್ಷ ಸುಮ್ಮನಿದ್ದವಳು ಇನ್ನೆರಡು ದಿನ ಸುಮ್ಮನಿದ್ದರೆ ಸಾಕಿತ್ತು.

ಆದರೆ ದಾರಿಕೊ ಹೋದ ಮೇಲೆ ಗಾಜಿನ ಮೇಲೆ ಅವಳ ಹಣೆಯ ಗುರುತು ಉಳಿದಿತ್ತು. ಅಸ್ಮತ್ ಬಟ್ಟೆ ತಂದಳು, ಒರೆಸಲು ಕೈ ಬರಲಿಲ್ಲ.

* * *

ಶನಿವಾರ ಬೆಳಿಗ್ಗೆ ಊರಿಗೆ ಊರೇ ಹುಲ್ಲುಗಾವಲಿಗೆ ಹೋಗಿತ್ತು. ಅಸ್ಮತ್ ಗೋಪುರದ ಕೆಳಗಿನ ಕೊಟ್ಟಿಗೆಯಲ್ಲಿ ದನದ ಗೋದಲಿಯನ್ನು ಪಕ್ಕಕ್ಕೆ ಸರಿಸಿ, ಕಬ್ಬಿಣದ ಸಲಾಕೆ ಹಾಕಿ ಕಲ್ಲನ್ನು ಮೀಟಿದಳು. ಐವತ್ತನಾಲ್ಕರ ಹೆಂಗಸು, ಸೊಂಟ ಬಿಟ್ಟುಹೋದಂತಾಯಿತು. ಕಂಬಳಿಯಲ್ಲಿ ಸುತ್ತಿದ್ದವನು ಹಾಗೇ ಇದ್ದ. ಎತ್ತಿದಾಗ ಅವಳ ಎರಡೂ ತೋಳು ಭಾರಕ್ಕೆ ಕೆಳಗೆ ಜಗ್ಗಿದವು. ಮೂರು ಬೆರಳು ದಪ್ಪದ ಅಕ್ರೋಟ್ ಮರದ ಹಲಗೆ, ಅದರ ಮೇಲೆ ಬೆಳ್ಳಿ. ಎಷ್ಟು ಭಾರವಿದ್ದ ಎಂಬುದೇ ಅವಳಿಗೆ ಮರೆತುಹೋಗಿತ್ತು.

"ತಪ್ಪಾಯ್ತಪ್ಪಾ," ಎಂದಳು ಜೋರಾಗಿಯೇ. "ನಿನ್ನನ್ನ ದನದ ಜೊತೆ ಇಟ್ಟೆ."

ಹಿಟ್ಟಿನ ಚೀಲದಲ್ಲಿ ಹಾಕಿ, ಬೆನ್ನಿಗೆ ಕಟ್ಟಿಕೊಂಡು, ಹಾಡಹಗಲೇ ಬೀದಿಯಲ್ಲಿ ನಡೆದು ಬಂದಳು. ದಾರಿಯಲ್ಲಿ ಎದುರಾದ ಒಂದು ಹಂದಿ ಬಿಟ್ಟರೆ ಯಾರೂ ಇರಲಿಲ್ಲ. ತಗಡನ್ನು ತೆಗೆದು ನಿಜವಾದವನನ್ನು ನಿಲ್ಲಿಸಿ ಬೀಗ ಹಾಕಿದಳು. ನೋಡುವ ಕಣ್ಣಿಗೆ ಇಬ್ಬರೂ ಒಂದೇ. ಸಿಲೋವಾನ್ ಹಿಡಿದ ಕಮ್ಮಾರ ಅಂಥವನು.

ಜೋಕಿಯಾಗೆ ಹೇಳಬೇಕೇ? ಅವನ ಮನೆಯ ಗೇಟಿನವರೆಗೂ ಹೋದಳು. ಮೆರಾಬ್‌ಗೆ ಹೆದರಿ ಹುಲ್ಲುಗಾವಲಿಗೆ ಹೋಗದವನು, ಅಂಗಳದಲ್ಲಿ ಚಿಕ್ಕ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸೇಬು ಕೀಳಿಸುತ್ತಿದ್ದ. ಹೇಳಿದರೆ ಹೆದರಿ ಊರು ಬಿಟ್ಟು ಓಡುತ್ತಾನೆ, ಓಡಿದವನನ್ನು ಮೆರಾಬ್ ಎಲ್ಲಿದ್ದರೂ ಹುಡುಕುತ್ತಾನೆ. ಹೇಳದಿದ್ದರೆ ಗೊತ್ತಿಲ್ಲದೆ ನಿಜವಾದವನ ಮೇಲೆ ಸುಳ್ಳಾಣೆ ಮಾಡುತ್ತಾನೆ, ಹಿಂದೆ ನಿಂತ ಹನ್ನೊಂದು ಜನರನ್ನೂ ಮುಳುಗಿಸುತ್ತಾನೆ. ಆಗ ಅವಳಿಗೆ ಭಾರದ ನೆನಪಾಯಿತು. ಆಣೆ ಮಾಡುವವನು ಪಟವನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿಯಬೇಕು. ಅಂದು ಹುಲ್ಲಿನ ಬಂಡಿಗೆ ಇವನನ್ನು ಎತ್ತಿ ಹಾಕಿದ್ದು ಜೋಕಿಯಾನೇ, ತಗಡಿಗೆ ಇಷ್ಟು ಭಾರವಿಲ್ಲ ಎಂಬುದು ಅವನಿಗೆ ಗೊತ್ತು. ಬಾಯಿ ಬಿಡುವ ಮೊದಲು ಅವನಿಗೆ ಗೊತ್ತಾಗುತ್ತದೆ. ಅಷ್ಟು ಅವಕಾಶ ಸಾಕು ಎಂದುಕೊಂಡು, ಎದೆ ಕಲ್ಲು ಮಾಡಿಕೊಂಡು ಹಿಂದಿರುಗಿದಳು.

* * *

ಭಾನುವಾರ ಹನ್ನೊಂದಕ್ಕೆ ಒಳಕೋಣೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಬಿಮುರ್ಜಾನದೂ ಸೇರಿ ಹದಿನೈದು ಬಂದೂಕು ಅಸ್ಮತ್‌ಳ ಕೈಗೆ ಬಂದವು. ಅವನ್ನೆಲ್ಲಾ ಗಾಜಿನ ಕಪಾಟಿನಲ್ಲಿ, ಮುತ್ತಾತಂದಿರ ನಳಿಗೆಗಳ ಪಕ್ಕ ಒರಗಿಸಿ ಬೀಗ ಹಾಕಿ, ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡಳು. ಒಂದು ಗೋಡೆಗೆ ಅವಳ ಮನೆತನದ ಹನ್ನೆರಡು ಗಂಡಸರು. ಎದುರಿಗೆ ದಾರಿಕೊ, ಅವಳ ಎಡಬಲದಲ್ಲಿ ಮೆರಾಬ್ ಮತ್ತು ಅವನ ತಮ್ಮ. ನಡುವೆ ಬಿಮುರ್ಜಾ.

ಅಸ್ಮತ್ ಬೀಗ ತೆಗೆದು, ಪಟವನ್ನು ಮೇಜಿನ ಮೇಲೆ ನಿಲ್ಲಿಸಿ, ಬೆಳ್ಳಿಯ ಮೇಲೆ ಅಂಗೈಯಿಟ್ಟಳು.

"ಇವನೇ," ಎಂದಳು.

ಜೋಕಿಯಾ ಮುಂದೆ ಬಂದ. ಮುಖಕ್ಷೌರ ಮಾಡಿ, ಇಸ್ತ್ರಿಯ ಅಂಗಿ ತೊಟ್ಟಿದ್ದ. ಅಕ್ಕನ ಕಡೆ ನೋಡಿ, ಮೆಚ್ಚಿದೆ ಎಂಬಂತೆ ಒಂದು ಚೂರು ಕಣ್ಣು ಹಾರಿಸಿದ. ಆಮೇಲೆ ಎರಡೂ ಕೈಯಲ್ಲಿ ಪಟವನ್ನು ಹಿಡಿದು, ಖಾಲಿ ತಟ್ಟೆ ಎತ್ತುವವನ ಹಾಗೆ ಎತ್ತಿದ.

ಪಟ ಮೇಲಕ್ಕೆ ಬರಲಿಲ್ಲ. ತೋಳು ಜಗ್ಗಿತು. ಅವನು ಕಾಲು ಅಗಲಿಸಿ, ಉಸಿರು ಕಟ್ಟಿ ಮತ್ತೆ ಎತ್ತಿದ. ಎದೆಯೆತ್ತರಕ್ಕೆ ತಂದು ನಿಂತವನ ಮುಖದಿಂದ ಬಣ್ಣವೆಲ್ಲಾ ಇಳಿದುಹೋಗಿತ್ತು. ಅಕ್ಕನನ್ನು ನೋಡಿದ. ಅಸ್ಮತ್ ಕಣ್ಣು ತಪ್ಪಿಸಲಿಲ್ಲ.

"ಹೇಳಪ್ಪಾ," ಎಂದ ಬಿಮುರ್ಜಾ. "'ಗೇಗಿಯನ್ನು ನಾನು ಜೀವಂತ ಬಿಟ್ಟು ಬರಲಿಲ್ಲ.' ಹೇಳು."

"ಗೇಗಿಯನ್ನು..." ಎಂದ ಜೋಕಿಯಾ. "ಗೇಗಿಯನ್ನು ನಾನು..."

ಅವನ ಹಿಂದಿದ್ದವರಲ್ಲಿ ಯಾರೋ, "ಹೇಳೋ ಮಾರಾಯ," ಎಂದು ಪಿಸುಗುಟ್ಟಿದರು. ಜೋಕಿಯಾನ ಹಣೆಯ ಬೆವರು ಬೆಳ್ಳಿಯ ರೆಕ್ಕೆಯ ಮೇಲೆ ತೊಟ್ಟಿಕ್ಕಿತು.

"ಕೂಗಿದ," ಎಂದ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ.

"ಅವನು ಕೂಗಿದ. ನಾನು ಕೇಳಿಸಿಕೊಂಡೆ. ಹಗ್ಗ ಅರ್ಧಕ್ಕೂ ಮುಟ್ಟಲಿಲ್ಲ. ಹಿಮ ಶುರುವಾಯ್ತು. ಬರ್ತೀನಿ ಕಣೋ, ಜನ ಕರ್ಕೊಂಡು ಬರ್ತೀನಿ ಅಂತ ಹೇಳಿ ಇಳಿದೆ. ಕೆಳಗೆ ಬಂದು..." ಪಟವನ್ನು ಮೇಜಿನ ಮೇಲೆ ಮೆಲ್ಲಗೆ ಇಳಿಸಿದ. "ಬದುಕಿದ್ದಾನೆ ಅಂದಿದ್ರೆ ಮೆರಾಬ್ ಆ ಹಿಮದಲ್ಲೂ ಹತ್ತತಿದ್ದ. ಅವನೂ ಬೀಳ್ತಿದ್ದ. ದಾರಿ ತೋರಿಸು ಅಂತ ನನ್ನನ್ನೂ ಎಳ್ಕೊಂಡು ಹೋಗ್ತಿದ್ದ. ನಾನು ಹೆದರಿದೆ. ಸತ್ತ ಅಂದುಬಿಟ್ಟೆ."

"ಬೀಗದ ಕೈ ಕೊಡು," ಎಂದ ಮೆರಾಬ್.

ಅದನ್ನು ಅವನು ಕೂಗಿ ಹೇಳಲಿಲ್ಲ. ಅಸ್ಮತ್‌ಳ ಮುಂದೆ ಬಂದು ಅಂಗೈ ಚಾಚಿ ನಿಂತ. ಆಣೆ ಮುರಿದರೆ ಬಂದೂಕು ಹಿಂದಿರುಗಿಸಬೇಕು, ಅದು ನ್ಯಾಯ. ಇಲ್ಲ ಎನ್ನುವ ಹಕ್ಕು ಅವಳಿಗಿರಲಿಲ್ಲ. ಅವಳ ಬೆರಳು ಕೊರಳಿನ ದಾರಕ್ಕೆ ಹೋಯಿತು, ಅಲ್ಲೇ ನಿಂತಿತು. ಹನ್ನೊಂದು ಜನ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದರು.

"ಏನಂತ ಕೂಗಿದ?"

ದಾರಿಕೊಳ ದನಿ. ಎಲ್ಲರೂ ಅವಳತ್ತ ತಿರುಗಿದರು.

"ಮೊದಲು ನನ್ನ ಹೆಸರು," ಎಂದ ಜೋಕಿಯಾ. ಅಳು ಅವನ ಮಾತನ್ನು ನುಂಗುತ್ತಿತ್ತು. "ಆಮೇಲೆ... ನಾನು ದೂರ ಬಂದ ಮೇಲೆ, 'ಅಮ್ಮಾ' ಅಂತ."

ದಾರಿಕೊ ಎರಡೂ ಕೈಯೆತ್ತಿ ಕಪ್ಪು ತಲೆವಸ್ತ್ರವನ್ನು ಬಿಚ್ಚಿದಳು. ಪೂರ್ತಿ ಬೆಳ್ಳಗಾಗಿದ್ದ ಕೂದಲು ಹೆಗಲ ಮೇಲೆ ಬಿತ್ತು. ಮೆರಾಬ್‌ನಿಗೂ ಜೋಕಿಯಾನಿಗೂ ನಡುವೆ ನೆಲದ ಮೇಲೆ ಆ ವಸ್ತ್ರವನ್ನು ಎಸೆದಳು.

"ಅಮ್ಮಾ, ಬೇಡ!" ಎಂದು ಮೆರಾಬ್ ಕೂಗಿದ. ಹೆಂಗಸು ಎಸೆದ ತಲೆವಸ್ತ್ರವನ್ನು ದಾಟಿದ ಗಂಡಸು ನಮ್ಮ ಬೆಟ್ಟಗಳಲ್ಲಿ ಇನ್ನೂ ಹುಟ್ಟಿಲ್ಲ. ಅವನು ಅದರ ಅಂಚಿನಲ್ಲಿ ನಿಂತು ಬುಸುಗುಟ್ಟುತ್ತಿದ್ದ.

"ಹೌದು, ನೀನು ಹತ್ತತಿದ್ದೆ," ಎಂದಳು ಅವನ ತಾಯಿ. "ನನಗೆ ಬೇಕಾಗಿದ್ದು ಸಿಕ್ತು. ಹೋಗು ಮನೆಗೆ." ಆಮೇಲೆ ಜೋಕಿಯಾ ಕಡೆ, "ನೀನು ನನ್ನ ಕಣ್ಣಿಗೆ ಬೀಳಬೇಡ. ಬದುಕ್ಕೋ," ಎಂದಳು.

ಅಸ್ಮತ್ ಮೇಜು ಹಿಡಿದುಕೊಂಡಳು. ತಮ್ಮ ಉಳಿದ. ದೇವರೇ, ಉಳಿದ! ಅಷ್ಟರಲ್ಲಿ ದಾರಿಕೊ ಅವಳ ಹತ್ತಿರ ಬಂದು ಪಟವನ್ನು ನೋಡುತ್ತಾ ನಿಂತಳು.

"ಒಳಗೆ ಬರೋವಾಗ ನಗ್ತಾ ಇದ್ದ ನಿನ್ನ ತಮ್ಮ. ಎತ್ತಿದ ಮೇಲೆ ಹೆದರಿದ. ಯಾಕೆ?"

ಸುಳ್ಳು ಹೇಳುವ ಶಕ್ತಿ ಅಸ್ಮತ್‌ಳಲ್ಲಿ ಉಳಿದಿರಲಿಲ್ಲ. ಇಪ್ಪತ್ತೈದು ವರ್ಷದ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ಲೂಟಿಕೋರರು, ನಕಲು, ಗೋಡೆ, ನಿನ್ನೆಯ ಹಿಟ್ಟಿನ ಚೀಲ. ಕೋಣೆಯಲ್ಲಿ ಗುಜುಗುಜು ಎದ್ದಿತು. ಬಿಮುರ್ಜಾ ತಲೆಯ ಮೇಲೆ ಕೈಯಿಟ್ಟುಕೊಂಡ.

"ಹಾಗಾದ್ರೆ ನಿನ್ನೆವರೆಗೂ ಗಾಜಿನಲ್ಲಿ ಇದ್ದದ್ದು?"

"ತಗಡು."

"ಹೋದ ಅಕ್ಟೋಬರ್‌ನಲ್ಲಿ?"

"ಆಗಲೂ ಅದೇ," ಎಂದಳು ಅಸ್ಮತ್.

"ಮೂರು ದಿನ," ಎಂದಳು ದಾರಿಕೊ. "ನನ್ನ ಮಗ ಕಾಲು ಕಟ್ಕೊಂಡು, ರೊಟ್ಟಿ ಉಳಿಸ್ಕೊಂಡು ತಿಂತಾ ಅಲ್ಲಿ ಬದುಕಿದ್ದ. ನಾನಿಲ್ಲಿ ತಗಡಿಗೆ ಹಣೆ ಚಚ್ಕೋತಿದ್ದೆ. ನೀನು ಚಹಾ ತಂದುಕೊಟ್ಟೆ. ನಿನಗೆ ಗೊತ್ತಿತ್ತು."

"ದಾರಿಕೊ..."

"ನಿನ್ನ ತಮ್ಮ ಹೆದರಿದ, ಓಡಿದ. ನೀನು ಎಲ್ಲಿಗೂ ಓಡಬೇಕಾಗಿರಲಿಲ್ಲ. ಗೋಡೆಯಿಂದ ತರಿಂಗ್ಜೆಲ್‌ನ ತರಬೇಕಾಗಿತ್ತು, ಅಷ್ಟೇ."

ಗಂಡಸರು ಒಬ್ಬೊಬ್ಬರಾಗಿ ಬಂದೂಕು ಇಸಿದುಕೊಂಡು ಹೊರಗೆ ಹೋದರು. ಕಪಾಟಿನ ಬೀಗ ತೆಗೆಯುವಾಗ ಅಸ್ಮತ್ ಯಾರ ಮುಖವನ್ನೂ ನೋಡಲಿಲ್ಲ. ಜೋಕಿಯಾ ಹೊಸಿಲು ದಾಟಿ ಇಳಿದುಹೋದ.

ಒಳಗೆ ದಾರಿಕೊ ಬರಿತಲೆಯಲ್ಲೇ, ಮೇಜಿನ ಮೇಲಿದ್ದ ತರಿಂಗ್ಜೆಲ್‌ನ ಮುಂದೆ ಬರೀ ನೆಲದ ಮೇಲೆ ಮೊಣಕಾಲೂರಿದಳು. ಸೆಪ್ಟೆಂಬರ್ ಆದರೂ ಆ ನೆಲ ಮಂಜಿನಂತೆ ಕೊರೆಯುತ್ತದೆ. ಅಸ್ಮತ್ ಒಲೆಯ ಹಿಂದಿನಿಂದ ಕುರಿಚರ್ಮ ತಂದು, ಬಗ್ಗಿ, ಅವಳ ಪಕ್ಕ ಹಾಸಹೊರಟಳು.

ದಾರಿಕೊ ತಿರುಗಿ ನೋಡಲಿಲ್ಲ. ಅಂಗೈಯಿಂದ ಅದನ್ನು ಅತ್ತ ತಳ್ಳಿದಳು.

"ಬೇಡ," ಎಂದಳು.

ಅಸ್ಮತ್ ಕುರಿಚರ್ಮವನ್ನು ಎದೆಗವಚಿಕೊಂಡು ಅಲ್ಲೇ ನಿಂತಳು.